ನಾಮಾನನ ಕೃತಜ್ಞತೆ

ಹೀಬ್ರೂ ಧರ್ಮಗ್ರಂಥದ ಪವಾಡಕಥೆಗಳನ್ನು ಇತಿಹಾಸದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಬಗೆಯಲ್ಲಿ ದಾಟಿಬಿಡುವರು. ಇವು ಭಕ್ತರಿಗೆ ಸೇರಿದುವು, ನಮಗಲ್ಲ ಎಂದು ಪಕ್ಕಕ್ಕೆ ಇಡುವುದು ಒಂದು. ಪವಾಡಕ್ಕೆ ಯಾವುದಾದರೊಂದು ಪ್ರಾಕೃತಿಕ ಕಾರಣವನ್ನು ಊಹಿಸಿ ತೃಪ್ತರಾಗುವುದು ಇನ್ನೊಂದು. ಎರಡರಲ್ಲಿಯೂ ಕಥೆಯನ್ನು ಓದುವ ಕೆಲಸ ಮಾತ್ರ ಉಳಿದುಹೋಗುತ್ತದೆ. ಅರಸುಗಳ ಎರಡನೆಯ ಗ್ರಂಥದ ಐದನೆಯ ಅಧ್ಯಾಯದಲ್ಲಿ ಬರುವ ನಾಮಾನನ ವೃತ್ತಾಂತವನ್ನು ಪ್ರಕೃತ ಪರಿಶೀಲನೆಗೆ ಎತ್ತಿಕೊಳ್ಳುತ್ತೇವೆ. ಈ ಅಧ್ಯಾಯದಲ್ಲಿ ೨೭ ವಾಕ್ಯಗಳಿವೆ. ರೋಗವು ವಾಸಿಯಾದ ಸಂಗತಿಗೆ ಕಥೆಗಾರನು ಕೊಟ್ಟಿರುವುದು ಒಂದೇ ವಾಕ್ಯವನ್ನು, ಹದಿನಾಲ್ಕನೆಯದನ್ನು. ಉಳಿದುದೆಲ್ಲವೂ ಅದಕ್ಕೆ ಮುಂಚೆ ಜನರು ಹೇಗೆ ನಡೆದುಕೊಂಡರು, ಅದಾದಮೇಲೆ ಹೇಗೆ ನಡೆದುಕೊಂಡರು ಎಂಬುದರ ವಿವರಣೆ. ಆದುದರಿಂದ ಪವಾಡವು ನಡೆಯಿತೆ ಎಂಬ ಪ್ರಶ್ನೆಗಿಂತ, ಪವಾಡಕ್ಕೆ ಮನುಷ್ಯನು ಏನನ್ನು ಹಿಂದಿರುಗಿಸಬಲ್ಲನು ಎಂಬ ಪ್ರಶ್ನೆಯೇ ಈ ಕಥೆಗೆ ಮುಖ್ಯವೆಂದು ನಾವು ಭಾವಿಸುತ್ತೇವೆ.

ಕಥೆಯ ಹಿನ್ನೆಲೆ ಕ್ರಿ. ಪೂ. ಒಂಬತ್ತನೆಯ ಶತಮಾನದ್ದು. ದಮಸ್ಕವು ರಾಜಧಾನಿಯಾಗಿದ್ದ ಅರಾಮ್ ರಾಜ್ಯಕ್ಕೂ ಸಮಾರ್ಯವು ರಾಜಧಾನಿಯಾಗಿದ್ದ ಇಸ್ರಾಯೇಲ್ ರಾಜ್ಯಕ್ಕೂ ಆಗ ಸ್ನೇಹ ಮತ್ತು ವೈರ ಎರಡೂ ಇದ್ದುವು. ಕ್ರಿ. ಪೂ. ೮೫೩ರಲ್ಲಿ ಕರ್ಕರದ ಯುದ್ಧದಲ್ಲಿ ದಮಸ್ಕದ ಹದದೇಜರನೂ ಇಸ್ರಾಯೇಲಿನ ಅಹಾಬನೂ ಒಂದೇ ಪಕ್ಷದಲ್ಲಿ ನಿಂತು ಅಸ್ಸೀರಿಯದ ಮೂರನೆಯ ಶಲ್ಮನೇಸರನನ್ನು ಎದುರಿಸಿದುದು ಆ ಅಸ್ಸೀರಿಯದ ದೊರೆಯ ಶಾಸನದಿಂದಲೇ ತಿಳಿದುಬರುತ್ತದೆ. ಕೆಲವೇ ವರ್ಷಗಳಲ್ಲಿ ಸ್ಥಿತಿಯು ತಿರುಗಿಬಿದ್ದಿತು. ೧೯೯೩ ಮತ್ತು ೧೯೯೪ರಲ್ಲಿ ತೇಲ್ ದಾನ್ ಎಂಬಲ್ಲಿ ದೊರೆತ ಅರಾಮಿಕ್ ಶಾಸನದ ತುಂಡುಗಳಲ್ಲಿ ಅರಾಮಿನ ಒಬ್ಬ ರಾಜನು, ಪ್ರಾಯಶಃ ಹಜಾಯೇಲನು, ಇಸ್ರಾಯೇಲಿನ ಅರಸನನ್ನು ತಾನು ಕೊಂದುದಾಗಿ ಹೇಳಿಕೊಂಡಿದ್ದಾನೆ. ನಾಮಾನನ ಹೆಸರು ಇಂತಹ ಯಾವ ಶಾಸನದಲ್ಲಿಯೂ ಇಲ್ಲ. ಅವನನ್ನು ನಾವು ಬಲ್ಲುದು ಈ ಕಥೆಯಿಂದ ಮಾತ್ರ. ಆದರೆ ಗಡಿಯನ್ನು ದಾಟಿ ಬಂದ ಅರಾಮ್ಯರ ದಂಡು ಹಳ್ಳಿಯೊಂದರಿಂದ ಒಬ್ಬ ಹುಡುಗಿಯನ್ನು ಸೆರೆಹಿಡಿದುಕೊಂಡು ಹೋಯಿತೆಂದು ಕಥೆಯು ಹೇಳುವಾಗ, ಅದು ಆ ಕಾಲಕ್ಕೆ ಒಪ್ಪುವ ಮಾತೇ ಆಗಿದೆ.

ನಾಮಾನನು ಅರಾಮ್ ದೊರೆಯ ಸೇನಾಪತಿ. ಅವನ ಮೂಲಕ ಅರಾಮಿಗೆ ಜಯವನ್ನು ಕೊಟ್ಟವನು ಯೆಹೋವನು ಎಂದು ಇಸ್ರಾಯೇಲಿನ ಕಥೆಗಾರನು ಮೊದಲ ವಾಕ್ಯದಲ್ಲಿಯೇ ಹೇಳುತ್ತಾನೆ. ತನ್ನ ಜನರನ್ನು ಸೋಲಿಸಿದವನ ವಿಷಯದಲ್ಲಿ ಹೀಗೆ ಬರೆಯುವುದು ಸಾಮಾನ್ಯವಲ್ಲ. ಅಂತಹ ನಾಮಾನನಿಗೆ ಚರ್ಮರೋಗವೊಂದು ತಗಲಿತ್ತು. ಮೂಲದಲ್ಲಿ ಅದರ ಹೆಸರು ಚಾರಾಅತ್. ಗ್ರೀಕ್ ಅನುವಾದದಲ್ಲಿ ಅದು ಲೆಪ್ರಾ ಆಯಿತು, ಕನ್ನಡ ಬೈಬಲಿನಲ್ಲಿ ಕುಷ್ಠವೆಂದಾಯಿತು. ೧೮೭೩ರಲ್ಲಿ ನಾರ್ವೆಯ ಹಾನ್ಸೆನನು ಯಾವ ರೋಗದ ಸೂಕ್ಷ್ಮಜೀವಿಯನ್ನು ಗುರುತಿಸಿದನೋ ಆ ಕುಷ್ಠವೇ ಇದು ಎಂದು ವಾಚಕರು ತಿಳಿಯಬಾರದು. ಯಾಜಕಕಾಂಡದಲ್ಲಿ ಬಟ್ಟೆಗೂ ಮನೆಯ ಗೋಡೆಗೂ ಚಾರಾಅತ್ ಹತ್ತುವುದೆಂದು ಹೇಳಿದೆ. ಆದಕಾರಣ ಅದು ಹಲವು ಬಗೆಯ ಕಲೆ ಹೊಪ್ಪಳೆಗಳಿಗೆ ಸಲ್ಲುತ್ತಿದ್ದ ಹೆಸರು. ನಾಮಾನನು ಅರಮನೆಯಲ್ಲಿ ಓಡಾಡುತ್ತಿದ್ದನು. ದೊರೆಯು ಅವನ ಕೈಯನ್ನು ಆತುಕೊಂಡೇ ದೇವಾಲಯಕ್ಕೆ ಹೋಗುತ್ತಿದ್ದನು. ಈ ಒಂದು ಸಂಗತಿಯೇ ಸಾಕು.

ಸೆರೆಯ ಹುಡುಗಿಯು ನಾಮಾನನ ಹೆಂಡತಿಯ ಊಳಿಗದಲ್ಲಿದ್ದಳು. ಸಮಾರ್ಯದಲ್ಲಿರುವ ಪ್ರವಾದಿಯ ಬಳಿಗೆ ಯಜಮಾನನು ಹೋದರೆ ಗುಣವಾದೀತೆಂದು ಅವಳು ತನ್ನ ಒಡತಿಗೆ ಹೇಳಿದಳು. ಹುಡುಗಿ ಹೇಳಿದುದು ಪ್ರವಾದಿಯನ್ನು. ದೊಡ್ಡವರು ಕಾಗದ ಬರೆದುದು ಅರಸನಿಗೆ. ನಾಮಾನನು ಹತ್ತು ತಲಾಂತು ಬೆಳ್ಳಿಯನ್ನೂ ಆರು ಸಾವಿರ ಶೆಕೆಲ್ ಚಿನ್ನವನ್ನೂ ಹತ್ತು ಜೊತೆ ಉಡುಪುಗಳನ್ನೂ ಹೇರಿಕೊಂಡು ಹೊರಟನು. ಈ ಮೊತ್ತದ ಮೇಲೆ ಓದುಗರು ಸ್ವಲ್ಪ ನಿಲ್ಲಬೇಕು. ಉತ್ಖನನಗಳಲ್ಲಿ ದೊರೆತ ಯೆಹೂದದ ತೂಕದ ಕಲ್ಲುಗಳಿಂದ ಶೆಕೆಲಿಗೆ ೧೧ ಗ್ರಾಂಗಿಂತ ಸ್ವಲ್ಪ ಹೆಚ್ಚೆಂದು ಹಿಡಿದರೆ ಬೆಳ್ಳಿಯು ಸುಮಾರು ೩೪೦ ಕಿಲೋಗ್ರಾಂ, ಚಿನ್ನವು ಸುಮಾರು ೬೮ ಕಿಲೋಗ್ರಾಂ ಆಗುತ್ತದೆ. ಇದಕ್ಕಿಂತ ಒಳ್ಳೆಯ ಅಳತೆಯು ಅರಸುಗಳ ಮೊದಲನೆಯ ಗ್ರಂಥದಲ್ಲಿಯೇ ಇದೆ: ಒಮ್ರಿ ದೊರೆಯು ರಾಜಧಾನಿಯನ್ನು ಕಟ್ಟಲು ಸಮಾರ್ಯದ ಬೆಟ್ಟವನ್ನು ಕೊಂಡುದು ಎರಡು ತಲಾಂತು ಬೆಳ್ಳಿಗೆ. ನಾಮಾನನ ಬೆಳ್ಳಿಯೊಂದರಿಂದಲೇ ಅಂತಹ ಐದು ಬೆಟ್ಟಗಳನ್ನು ಕೊಳ್ಳಬಹುದಾಗಿತ್ತು. ಸಂಖ್ಯೆಗಳು ಕಥೆಗಾರನವೇ ಇರಬಹುದು. ಬಂದವನು ಎಂಥವನೆಂದು ತಿಳಿಸುವ ಕೆಲಸವನ್ನಂತೂ ಅವು ಮಾಡುತ್ತವೆ. ಅವನು ಕೃಪೆಯನ್ನು ಬೇಡಲು ಬಂದವನಲ್ಲ, ಕೊಳ್ಳಲು ಬಂದವನು.

ಎಲೀಷನ ಮನೆಯ ಬಾಗಿಲಲ್ಲಿ ಅವನ ರಥಗಳು ನಿಂತುವು. ಪ್ರವಾದಿಯು ಹೊರಗೆ ಬರಲಿಲ್ಲ. ಆಳಿನ ಮೂಲಕ, ಯೊರ್ದನಿನಲ್ಲಿ ಏಳು ಸಾರಿ ಸ್ನಾನಮಾಡಬೇಕೆಂದು ಹೇಳಿ ಕಳುಹಿಸಿದನು. ನಾಮಾನನಿಗೆ ಸಿಟ್ಟು ಬಂದಿತು. ಅವನು ಎದುರಿಗೆ ಬಂದು ನಿಂತು, ತನ್ನ ದೇವರ ಹೆಸರನ್ನು ಕರೆದು, ರೋಗದ ಮೇಲೆ ಕೈಯಾಡಿಸುವನೆಂದು ಈತನು ಎಣಿಸಿದ್ದನು. ದಮಸ್ಕದ ಅಬಾನಾ, ಪರ್ಪರ್ ನದಿಗಳು ಇಸ್ರಾಯೇಲಿನ ನೀರೆಲ್ಲಕ್ಕಿಂತ ಮೇಲೆಂಬುದು ಅವನ ವಾದ. ಇವು ಇಂದಿನ ಬರದಾ ಮತ್ತು ಆವಜ್ ಎಂಬ ಹೊಳೆಗಳೆಂದು ಸಾಮಾನ್ಯವಾಗಿ ಗುರುತಿಸಿದ್ದಾರೆ. ದಮಸ್ಕದ ತೋಟಗಳನ್ನು ಬೆಳೆಸಿದ ಬೆಟ್ಟದ ನೀರಿಗೆ ಯೊರ್ದನಿನ ಕದಡಿದ ನೀರು ಸಮವಲ್ಲವೆಂಬುದರಲ್ಲಿ ಸೇನಾಪತಿಯ ಮಾತು ಸುಳ್ಳೇನೂ ಅಲ್ಲ. ಅವನ ಸೇವಕರು ಅವನನ್ನು ತಂದೆಯೇ ಎಂದು ಕರೆದು ಸಮಾಧಾನಪಡಿಸಿದರು: ದೊಡ್ಡ ಕಾರ್ಯವೊಂದನ್ನು ವಿಧಿಸಿದ್ದರೆ ಮಾಡುತ್ತಿರಲಿಲ್ಲವೆ, ಇಷ್ಟು ಸಣ್ಣದಕ್ಕೆ ಅಡ್ಡಿಯೇನು ಎಂಬುದು ಅವರ ಮಾತಿನ ಸಾರ. ಅವನು ಇಳಿದು ಮುಳುಗಿದನು. ಅವನ ಮೈ ಚಿಕ್ಕ ಹುಡುಗನ ಮೈಯಂತಾಯಿತು. ಸೆರೆಯ ಹುಡುಗಿಗೆ ಬಳಸಿದ ನಅರಾ ಕೆಟಾನ್ನಾ ಎಂಬ ಪದಗಳನ್ನೇ ಪುಲ್ಲಿಂಗದಲ್ಲಿ, ನಅರ್ ಕಾಟೋನ್ ಎಂದು, ಹೀಬ್ರೂ ಮೂಲವು ಇಲ್ಲಿ ಬಳಸಿದೆ. ದೊಡ್ಡ ಮನುಷ್ಯನೆಂದು ವರ್ಣಿತನಾದವನು ತನ್ನ ಮನೆಯ ಊಳಿಗದ ಹುಡುಗಿಯ ಅಳತೆಗೆ ಬಂದನು.

ಕಥೆಯು ಇಲ್ಲಿಗೆ ಮುಗಿಯಬಹುದಾಗಿತ್ತು. ಯೊರ್ದನಿನ ದಡದಿಂದ ದಮಸ್ಕಕ್ಕೆ ಹೋಗಬೇಕಾದವನು ಸಮಾರ್ಯದ ಕಡೆಗೆ ತಿರುಗಿದುದು ದಾರಿಯ ದೃಷ್ಟಿಯಿಂದ ಹಿಂದಕ್ಕೆ ಬಂದಂತೆ. ಮೈ ಮೊದಲಿನಂತಾಯಿತೆಂಬುದಕ್ಕೂ ನಾಮಾನನು ಹಿಂದಿರುಗಿದನೆಂಬುದಕ್ಕೂ ಮೂಲದಲ್ಲಿ ಒಂದೇ ಕ್ರಿಯಾಪದವಿದೆ, ವಾಯ್ಯಾಶಾವ್ ಎಂದು. ಹಿಂದೆ ರಥದೊಡನೆ ಬಾಗಿಲಲ್ಲಿ ನಿಂತವನು ಈಗ ಪ್ರವಾದಿಯ ಮುಂದೆ ನಿಂತನು. ಇಸ್ರಾಯೇಲಿನಲ್ಲಲ್ಲದೆ ಲೋಕದಲ್ಲೆಲ್ಲಿಯೂ ದೇವರಿಲ್ಲವೆಂದು ತಾನು ಅರಿತೆನೆಂದನು. ಈ ಸಂಭಾಷಣೆಯಲ್ಲಿ ಅವನು ತನ್ನನ್ನು ನಿನ್ನ ದಾಸನೆಂದು ಐದು ಸಾರಿ ಹೇಳಿಕೊಳ್ಳುತ್ತಾನೆ. ಮೊದಲು ಬಂದಾಗ ಆ ಮಾತು ಅವನ ಬಾಯಲ್ಲಿ ಒಂದು ಸಾರಿಯೂ ಬಂದಿಲ್ಲ. ಕಾಣಿಕೆಗೆ ಅವನು ಬಳಸುವ ಪದ ಬೆರಾಖಾ, ಅಂದರೆ ಆಶೀರ್ವಾದ. ಯಾಕೋಬನು ಏಸಾವನಿಗೆ ಕೊಟ್ಟ ಕಾಣಿಕೆಗೂ ಇದೇ ಹೆಸರು. ತಂದ ಬೆಳ್ಳಿಯು ಅದೇ. ಅದರ ಹೆಸರು ಮಾತ್ರ ದಾರಿಯಲ್ಲಿ ಬದಲಾಗಿದೆ.

ಎಲೀಷನು ಅದನ್ನು ತೆಗೆದುಕೊಳ್ಳಲಿಲ್ಲ. ತಾನು ಯಾರ ಮುಂದೆ ನಿಲ್ಲುವೆನೋ ಆ ಯೆಹೋವನ ಜೀವದ ಮೇಲೆ ಆಣೆಯಿಟ್ಟು ನಿರಾಕರಿಸಿದನು, ಒತ್ತಾಯಕ್ಕೂ ಒಪ್ಪಲಿಲ್ಲ. ಪ್ರವಾದಿಗಳು ಏನನ್ನೂ ಮುಟ್ಟುತ್ತಿರಲಿಲ್ಲವೆಂದು ಇದರಿಂದ ತೀರ್ಮಾನಿಸುವುದು ತಪ್ಪಾಗುತ್ತದೆ. ಕಳೆದುಹೋದ ಕತ್ತೆಗಳನ್ನು ಕೇಳಲು ಸೌಲನು ಸಮುವೇಲನ ಬಳಿಗೆ ಹೋದಾಗ ಕಾಲು ಶೆಕೆಲ್ ಬೆಳ್ಳಿಯನ್ನು ಕೊಡುವುದೆಂದು ಯೋಚನೆಯಾಯಿತು. ಯಾರೊಬ್ಬಾಮನ ಹೆಂಡತಿ ಅಹೀಯನ ಬಳಿಗೆ ಹೋಗುವಾಗ ಹತ್ತು ರೊಟ್ಟಿಗಳನ್ನೂ ಜೇನನ್ನೂ ಒಯ್ದಳು. ನಮ್ಮ ಎಲೀಷನೇ ಹಿಂದಿನ ಅಧ್ಯಾಯದಲ್ಲಿ ಒಬ್ಬ ರೈತನು ತಂದ ಜವೆಗೋದಿಯ ಇಪ್ಪತ್ತು ರೊಟ್ಟಿಗಳನ್ನು ಸ್ವೀಕರಿಸಿ ಜನರಿಗೆ ಹಂಚಿಸಿದ್ದಾನೆ. ರೈತನ ರೊಟ್ಟಿಗೆ ಒಪ್ಪಿದವನು ಸೇನಾಪತಿಯ ಬೆಳ್ಳಿಗೆ ಏಕೆ ಒಪ್ಪಲಿಲ್ಲ?

ಮೊದಲಿನಿಂದಲೂ ಎಲೀಷನು ಈ ಚಿಕಿತ್ಸೆಯಿಂದ ತನ್ನನ್ನು ದೂರವಿಟ್ಟುಕೊಂಡಿದ್ದಾನೆಂಬುದನ್ನು ಗಮನಿಸಿದರೆ ಉತ್ತರವು ದೊರೆಯುತ್ತದೆಂದು ನಮಗೆ ತೋರುತ್ತದೆ. ಅವನು ಹೊರಗೆ ಬರಲಿಲ್ಲ, ಕೈಯನ್ನು ಆಡಿಸಲಿಲ್ಲ, ನದಿಯ ದಡಕ್ಕೂ ಹೋಗಲಿಲ್ಲ. ನಾಮಾನನು ಅಹಂಕಾರವೆಂದು ತಿಳಿದ ಆ ನಡತೆಯು ವಾಸ್ತವವಾಗಿ ವಿನಯವಾಗಿತ್ತು. ಈಗ ಬೆಳ್ಳಿಯನ್ನು ಕೈಗೆ ತೆಗೆದುಕೊಂಡರೆ ಗುಣವಾದುದು ತನ್ನಿಂದಲೇ ಎಂದು ಒಪ್ಪಿಕೊಂಡಂತೆ. ಲೆಕ್ಕವೂ ಚುಕ್ತಾ ಆದಂತೆ. ಬೆಲೆಯನ್ನು ಕೊಟ್ಟವನಿಗೆ ಋಣವಿಲ್ಲ. ಋಣವನ್ನು ತೀರಿಸಲು ಬಿಡದುದರಿಂದಲೇ ನಾಮಾನನು ಕೃತಜ್ಞನಾಗಿ ಉಳಿದನು.

ಕೊಡಲು ಬಂದವನಿಗೆ ಕೊಡುವ ದಾರಿ ಮುಚ್ಚಿದಾಗ ಅವನು ಬೇಡತೊಡಗಿದನು. ಅವನು ಬೇಡಿದುದು ಎರಡು. ಎರಡು ಹೇಸರಗತ್ತೆಗಳು ಹೊರುವಷ್ಟು ಇಸ್ರಾಯೇಲಿನ ಮಣ್ಣು ಮೊದಲನೆಯದು. ದೇವರು ತನ್ನ ನೆಲದಲ್ಲಿ ಮಾತ್ರ ಇರುವನೆಂಬ ಹಳೆಯ ನಂಬಿಕೆಯ ಶೇಷವಿದು ಎಂದು ಹಲವರು ವ್ಯಾಖ್ಯಾನಿಸಿದ್ದಾರೆ. ವಿಮೋಚನಕಾಂಡವು ವಿಧಿಸುವ ಮಣ್ಣಿನ ಯಜ್ಞವೇದಿಯನ್ನು ಕಟ್ಟಲು ಎಂದು ಇತರರು. ಲೋಕದಲ್ಲೆಲ್ಲಿಯೂ ಬೇರೆ ದೇವರಿಲ್ಲವೆಂದವನು ಒಡನೆಯೇ ಮಣ್ಣಿನ ಮೂಟೆಯನ್ನು ಕೇಳುವುದು ತರ್ಕಕ್ಕೆ ಹೊಂದುವುದಿಲ್ಲ. ಹೊಸದಾಗಿ ನಂಬಿದವನು ತರ್ಕವನ್ನು ಸರಿಪಡಿಸಿಕೊಂಡು ಮಾತನಾಡುವನೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಎರಡನೆಯದು ಕ್ಷಮೆ. ತನ್ನ ದೊರೆಯು ರಿಮ್ಮೋನನ ಗುಡಿಯಲ್ಲಿ ತನ್ನ ಕೈಯನ್ನು ಆತು ಬಗ್ಗುವಾಗ ತಾನೂ ಬಗ್ಗಬೇಕಾಗುತ್ತದೆ. ಅದನ್ನು ಯೆಹೋವನು ಮನ್ನಿಸಲಿ ಎಂದು ಕೇಳಿದನು. ರಿಮ್ಮೋನನು ಅರಾಮ್ಯರ ಸಿಡಿಲಿನ ದೇವತೆಯಾದ ಹದದ್. ಗುಡುಗುವವನೆಂಬ ಅರ್ಥದ ರಮ್ಮಾನ್ ಎಂಬ ಬಿರುದು ಹೀಬ್ರೂವಿನಲ್ಲಿ ದಾಳಿಂಬೆ ಎಂಬರ್ಥದ ಪದವಾಗಿ ಮಾರ್ಪಟ್ಟಿದೆ, ಬಹುಶಃ ಪರಿಹಾಸಕ್ಕಾಗಿ. ದಮಸ್ಕದಲ್ಲಿ ಆ ಗುಡಿಯಿದ್ದ ಜಾಗದಲ್ಲಿಯೇ ರೋಮನರ ಕಾಲದಲ್ಲಿ ಜುಪಿಟರನ ದೇವಾಲಯವೂ ಅನಂತರ ಕ್ರೈಸ್ತರ ಚರ್ಚೂ ಎಂಟನೆಯ ಶತಮಾನದ ಆದಿಯಲ್ಲಿ ಉಮಯ್ಯದರ ಮಹಾಮಸೀದಿಯೂ ಎದ್ದುವೆಂದು ವಿದ್ವಾಂಸರ ಅಭಿಪ್ರಾಯ. ಅದಿರಲಿ. ನಾಮಾನನು ತನ್ನ ದುರ್ಬಲತೆಯನ್ನು ಮರೆಮಾಡಲಿಲ್ಲ, ತನ್ನ ಹುದ್ದೆಯನ್ನು ಬಿಡುವೆನೆಂದೂ ಹೇಳಲಿಲ್ಲ. ಎಲೀಷನ ಉತ್ತರ ಚಿಕ್ಕದು: ಸಮಾಧಾನದಿಂದ ಹೋಗೆಂದನು. ಇದು ಅನುಮತಿಯೋ ಅಲ್ಲವೋ ಎಂಬ ಪ್ರಶ್ನೆಯು ತಾಲ್ಮುದಿನ ಪಂಡಿತರನ್ನೂ ಕಾಡಿತು. ಪ್ರಾಣವನ್ನು ಕೊಟ್ಟಾದರೂ ವಿಗ್ರಹಾರಾಧನೆಯನ್ನು ನಿರಾಕರಿಸುವ ಕರ್ತವ್ಯವು ಅನ್ಯಜನಾಂಗದವನಿಗೂ ಉಂಟೆ ಎಂಬ ಚರ್ಚೆಯಲ್ಲಿ ಸಾನ್‌ಹೆದ್ರಿನ್ ಭಾಗವು ಈ ಉತ್ತರವನ್ನೇ ಎತ್ತಿಕೊಂಡಿದೆ. ಗಿಟ್ಟೀನ್ ಭಾಗವು ನಾಮಾನನನ್ನು ಗೇರ್ ತೋಶಾವ್ ಎಂದು, ಅಂದರೆ ವಿಗ್ರಹಗಳನ್ನು ತೊರೆದರೂ ಧರ್ಮಶಾಸ್ತ್ರದ ವಿಧಿಗಳನ್ನೆಲ್ಲ ಅಂಗೀಕರಿಸದವನೆಂದು ಗಣಿಸಿದೆ.

ಎಲೀಷನ ಸೇವಕ ಗೇಹಜಿಗೆ ಈ ನಿರಾಕರಣೆಯು ಸಹಿಸಲಿಲ್ಲ. ಯೆಹೋವನ ಜೀವದಾಣೆಯನ್ನೇ ಅವನೂ ಇಟ್ಟನು. ಒಡೆಯನು ತೆಗೆದುಕೊಳ್ಳುವುದಿಲ್ಲವೆಂದು ಇಟ್ಟ ಆಣೆಯನ್ನು ಆಳು ತೆಗೆದುಕೊಳ್ಳುವೆನೆಂದು ಇಟ್ಟನು. ಓಡಿಬರುತ್ತಿದ್ದ ಅವನನ್ನು ಕಂಡು ನಾಮಾನನು ರಥದಿಂದ ಕೆಳಗಿಳಿದನು. ಪ್ರವಾದಿಯೇ ಬಂದು ಕಾಣಲಿಲ್ಲವೆಂದು ಕೋಪಗೊಂಡಿದ್ದವನು ಪ್ರವಾದಿಯ ಆಳನ್ನು ಎದುರುಗೊಳ್ಳಲು ಇಳಿದುದು ಅವನ ಮಾರ್ಪಾಟಿಗೆ ಯಾವ ಮಾತಿಗಿಂತಲೂ ಬಲವಾದ ಸಾಕ್ಷಿ. ಬಂದ ಅತಿಥಿಗಳಿಗಾಗಿ ಒಂದು ತಲಾಂತು ಬೇಕೆಂದು ಗೇಹಜಿ ಸುಳ್ಳು ಹೇಳಿದನು. ನಾಮಾನನು ಒತ್ತಾಯಪಡಿಸಿ ಎರಡನ್ನು ಕೊಟ್ಟನು. ಒಮ್ರಿಯು ಬೆಟ್ಟಕ್ಕೆ ತೆತ್ತುದೂ ಅಷ್ಟೇ. ಎಣ್ಣೆಮರದ ತೋಟಗಳನ್ನೂ ದ್ರಾಕ್ಷೆಯ ತೋಟಗಳನ್ನೂ ದಾಸದಾಸಿಯರನ್ನೂ ಕೊಳ್ಳಲು ಇದು ಸಮಯವೆ ಎಂದು ಎಲೀಷನು ಅವನನ್ನು ಕೇಳಿದನು. ಗೇಹಜಿ ಮಾಡಿದುದು ಕಳ್ಳತನವಷ್ಟೇ ಅಲ್ಲ; ಉಚಿತವಾಗಿ ಬಂದುದಕ್ಕೆ ಅವನು ಹಿಂದಿನಿಂದ ಬೆಲೆಯನ್ನು ವಸೂಲುಮಾಡಿದನು. ಬೆಳ್ಳಿಯೊಡನೆ ನಾಮಾನನ ರೋಗವೂ ಅವನ ಪಾಲಿಗೆ ಬಂದಿತು. ಅದು ಅವನ ಸಂತತಿಗೂ ಅಂಟುವುದೆಂಬ ಶಾಪವು ನಮ್ಮ ನ್ಯಾಯಬುದ್ಧಿಗೆ ಕಠಿನವಾಗಿಯೇ ಕಾಣುತ್ತದೆಂದು ಹೇಳದೆ ಇರಲಾರೆವು.

ಇನ್ನೊಂದು ಸಂಗತಿಯು ಉಳಿಯುತ್ತದೆ. ತರಗತಿಯಲ್ಲಿ ಈ ಅಧ್ಯಾಯವನ್ನು ಓದಿಸುವಾಗ ಯಾರಾದರೊಬ್ಬ ವಿದ್ಯಾರ್ಥಿಯು ಕೇಳಿಯೇ ಕೇಳುತ್ತಾನೆ: ಆ ಹುಡುಗಿ ಏನಾದಳು? ಯೆಹೋವನಿಗೆ ವಂದಿಸಿದ ನಾಮಾನನು, ಎಲೀಷನಿಗೆ ಕಾಣಿಕೆ ತಂದವನು, ಗೇಹಜಿಗೆ ಕೇಳಿದುದರ ಎರಡರಷ್ಟನ್ನು ಕೊಟ್ಟವನು, ಮೊದಲ ಮಾತನ್ನು ಹೇಳಿದವಳಿಗೆ ಏನನ್ನಾದರೂ ಕೊಟ್ಟನೆಂದು ಕಥೆಯಲ್ಲಿಲ್ಲ. ಅವಳಿಗೆ ಹೆಸರಿಲ್ಲ, ನಾಲ್ಕನೆಯ ವಾಕ್ಯದ ಅನಂತರ ಅವಳ ಪ್ರಸ್ತಾಪವೂ ಇಲ್ಲ. ಇಸ್ರಾಯೇಲಿನ ಮಣ್ಣು ಹೇಸರಗತ್ತೆಗಳ ಮೇಲೆ ದಮಸ್ಕವನ್ನು ಸೇರಿದಾಗ ಅವಳು ಆ ಮನೆಯಲ್ಲಿಯೇ ಊಳಿಗದಲ್ಲಿದ್ದಿರಬೇಕು.