ಹೊಟ್ಟೆ ಸೂಕ್ಷ್ಮವಾದ ನಾಯಿಗೆ ಆಹಾರ

ನಾಯಿಯ ಹೊಟ್ಟೆಗೆ ತುಪ್ಪ ದಕ್ಕುವುದಿಲ್ಲ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ಇದು ಮನುಷ್ಯರನ್ನು ಹಂಗಿಸಲು ಆಡುವ ಮಾತಾದರೂ ಅದರಲ್ಲಿ ನಾಯಿಯ ವಿಷಯಕ್ಕೆ ಸಂಬಂಧಿಸಿದ ನಿಜಾಂಶವೂ ಇದೆ. ಹೆಚ್ಚು ಜಿಡ್ಡು ಒಮ್ಮೆಲೇ ಹೊಟ್ಟೆ ಸೇರಿದರೆ ಕೆಲವು ನಾಯಿಗಳಿಗೆ ವಾಂತಿ, ಭೇದಿ ಆರಂಭವಾಗುತ್ತವೆ. ಕೆಲವೊಮ್ಮೆ ಮೇದೋಜೀರಕ ಗ್ರಂಥಿ ಊದಿಕೊಂಡು ಪ್ರಾಣಕ್ಕೇ ಅಪಾಯ ಬರುವುದುಂಟು. ಊರಹಬ್ಬದ ಬಾಡೂಟದಲ್ಲಿ ಉಳಿದ ಕೊಬ್ಬು, ಮಸಾಲೆ, ಮೂಳೆಗಳನ್ನು ನಾಯಿಯ ಮುಂದೆ ಸುರಿಯುವುದು ಪ್ರೀತಿಯಿಂದಲೇ ಆದರೂ ಮರುದಿನ ಅದರ ಫಲ ಅನುಭವಿಸುವುದು ನಾಯಿ.

ಹೊಲ, ಕೊಟ್ಟಿಗೆ, ಕುರಿಮಂದೆ ಕಾಯುವ ನಾಯಿಗಳು ಬಹುಮಟ್ಟಿಗೆ ಮನೆಯವರು ಉಂಡದ್ದನ್ನೇ ಉಣ್ಣುತ್ತವೆ. ಹಳೆಯ ಮೈಸೂರಿನ ಕಡೆ ಮುದ್ದೆ ಸಾರು, ಉತ್ತರದ ಜಿಲ್ಲೆಗಳಲ್ಲಿ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ. ಹೆಚ್ಚಿನ ನಾಯಿಗಳು ಇದನ್ನು ಅರಗಿಸಿಕೊಳ್ಳುತ್ತವೆ. ಆದರೆ ಕೆಲವಕ್ಕೆ ವಾರದಲ್ಲಿ ಎರಡು ಮೂರು ದಿನ ಸಗಣಿಯಂತೆ ಮಲ ಸಡಿಲವಾಗುತ್ತದೆ, ಹೊಟ್ಟೆ ಗುಡುಗುಡು ಎನ್ನುತ್ತದೆ, ವಾಯು ಹೆಚ್ಚುತ್ತದೆ, ಮೈ ಕೂದಲು ಕಾಂತಿ ಕಳೆದುಕೊಳ್ಳುತ್ತದೆ. ಆಗ ಒಡೆಯನು ಇಂದು ಹಾಲು, ನಾಳೆ ಮೊಸರನ್ನ, ನಾಳಿದ್ದು ಬಿಸ್ಕತ್ತು ಎಂದು ದಿನಕ್ಕೊಂದು ಪ್ರಯೋಗ ಮಾಡುತ್ತಾನೆ. ಕೆಡುಕು ಹೆಚ್ಚುವುದೇ ಇಲ್ಲಿ. ನಾಯಿಯ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಹಲವು ದಿನ ಬೇಕು. ಯಾವ ಆಹಾರ ಎಂಬುದಕ್ಕಿಂತ ಆಹಾರ ಎಷ್ಟು ಸರಳ, ಎಷ್ಟು ದಿನ ಒಂದೇ ರೀತಿ ಎಂಬುದು ಇಂಥ ನಾಯಿಗೆ ಮುಖ್ಯ.

ಆಹಾರ ಬದಲಿಸುವ ಮೊದಲು ಜಂತುಹುಳುವಿನ ಕಡೆ ಗಮನ ಕೊಡಬೇಕು. ದುಂಡುಹುಳು, ಕೊಕ್ಕೆಹುಳುಗಳಿರುವ ನಾಯಿಗೆ ಎಷ್ಟು ಒಳ್ಳೆಯ ಆಹಾರ ಹಾಕಿದರೂ ಮೈಗೆ ಹತ್ತದು. ಮರಿಗಳಿಗೆ ಎರಡು ವಾರ ತುಂಬಿದಂದಿನಿಂದ ಹನ್ನೆರಡು ವಾರದವರೆಗೆ ಎರಡು ವಾರಕ್ಕೊಮ್ಮೆ, ಬೆಳೆದ ನಾಯಿಗೆ ಮೂರು ತಿಂಗಳಿಗೊಮ್ಮೆ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಜಂತುನಾಶಕ ಕೊಡಿಸುವುದು ವಾಡಿಕೆ. ಮುಧೋಳ ತಳಿಯ ನಾಯಿ ಸಾಕಿದವರು ಇನ್ನೊಂದನ್ನು ನೆನಪಿಡಬೇಕು. ಆ ತಳಿಯ ಮೈಕಟ್ಟೇ ತೆಳು. ಪಕ್ಕೆಲುಬು ಕಾಣುತ್ತದೆಂದು ಅದಕ್ಕೆ ಬೆಣ್ಣೆ ತಿನ್ನಿಸಿ ಹೊಟ್ಟೆ ಕೆಡಿಸಬಾರದು.

ಹಾಲಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ತಾಯಿ ನಾಯಿಯ ಹಾಲಿಗಿಂತ ಆಕಳ ಹಾಲಿನಲ್ಲಿ ಹಾಲುಸಕ್ಕರೆ ಹೆಚ್ಚು. ಮೊಲೆ ಬಿಟ್ಟ ಮೇಲೆ ಈ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ನಾಯಿಯಲ್ಲಿ ಕುಗ್ಗುತ್ತಾ ಹೋಗುತ್ತದೆ. ಜೀರ್ಣವಾಗದೆ ಉಳಿದ ಸಕ್ಕರೆ ಕರುಳಿಗೆ ನೀರನ್ನು ಸೆಳೆದು ಭೇದಿ ಮಾಡಿಸುತ್ತದೆ. ಎಮ್ಮೆಯ ಹಾಲಾದರೆ ಇದರ ಮೇಲೆ ಜಿಡ್ಡಿನ ಹೊರೆಯೂ ಸೇರುತ್ತದೆ. ಚೆನ್ನಾಗಿ ಹುಳಿತ ಮೊಸರಿನಲ್ಲಿ ಹಾಲುಸಕ್ಕರೆಯ ಒಂದು ಭಾಗ ಕಳೆದಿರುತ್ತದೆಯಾದ್ದರಿಂದ ಬೆಣ್ಣೆ ತೆಗೆದ ಮಜ್ಜಿಗೆ ಅನೇಕ ನಾಯಿಗಳಿಗೆ ಒಗ್ಗುತ್ತದೆ. ಭೇದಿ ನಿಲ್ಲುವವರೆಗೆ ಅದೂ ಬೇಡ.

ಮನೆಯ ಸಾರು, ಹುಳಿಗಳಲ್ಲಿರುವ ಈರುಳ್ಳಿ, ಬೆಳ್ಳುಳ್ಳಿಗಳು ಕೇವಲ ಹೊಟ್ಟೆ ಕೆಡಿಸುವುದಲ್ಲ, ನಾಯಿಯ ರಕ್ತದ ಕೆಂಪುಕಣಗಳನ್ನೇ ನಾಶಮಾಡುತ್ತವೆ. ಬೇಯಿಸಿದರೂ ಈ ದೋಷ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟುಗಳನ್ನು ಯಾವ ನಾಯಿಗೂ ಹಾಕಕೂಡದು.

ಭೇದಿಯಿರುವ ದಿನಗಳಲ್ಲಿ ಮೆತ್ತಗೆ ಬೇಯಿಸಿದ ಅನ್ನ ಎರಡು ಪಾಲು, ಚರ್ಮ ಮತ್ತು ಮೂಳೆ ತೆಗೆದು ನೀರಿನಲ್ಲಿ ಬೇಯಿಸಿದ ಕೋಳಿಮಾಂಸ ಒಂದು ಪಾಲು ಕಲಸಿ ಕೊಡಬೇಕು. ಉಪ್ಪು, ಎಣ್ಣೆ, ಖಾರ ಯಾವುದೂ ಬೇಡ. 20 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 150 ಗ್ರಾಂ ಅಕ್ಕಿಯ ಅನ್ನ, 200 ಗ್ರಾಂ ಮಾಂಸ ಸಾಕು. ಇದನ್ನು ಮೂರು ನಾಲ್ಕು ಸಲವಾಗಿ ಹಂಚಿ ಹಾಕಬೇಕು. ಒಂದಿಷ್ಟು ಬೇಯಿಸಿದ ಸಿಹಿಕುಂಬಳ ಸೇರಿಸಿದರೆ ಮಲ ಗಟ್ಟಿಯಾಗಲು ನೆರವಾಗುತ್ತದೆ. ಹಿಂದೆ ಇಡೀ ದಿನ ಉಪವಾಸ ಕೆಡವುವ ಪದ್ಧತಿ ಇತ್ತು. ಈಗ ಅದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಮರಿಗಳನ್ನಂತೂ ಉಪವಾಸ ಇಡಲೇಬಾರದು. ಕುಡಿಯುವ ನೀರು ಸದಾ ಮುಂದಿರಬೇಕು.

ಮಲ ಗಟ್ಟಿಯಾದ ಮೇಲೆ ದಿನನಿತ್ಯದ ಆಹಾರಕ್ಕೆ ಏಳರಿಂದ ಹತ್ತು ದಿನಗಳಲ್ಲಿ ತಿರುಗಬೇಕು. ಮೊದಲೆರಡು ದಿನ ಕಾಲು ಪಾಲು ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಆದರೆ ಹಳೆಯ ಮುದ್ದೆ ಸಾರಿಗೇ ಮರಳಿದರೆ ಪ್ರಯೋಜನವಿಲ್ಲ. ಬೆಳೆದ ನಾಯಿಯ ಒಣ ಆಹಾರದಲ್ಲಿ ಶೇಕಡಾ 18ರಷ್ಟಾದರೂ ಸಸಾರಜನಕ ಇರಬೇಕು. ರಾಗಿಯಲ್ಲಿರುವುದು ಇದರ ಅರ್ಧಕ್ಕೂ ಕಡಿಮೆ. ಲೆಕ್ಕ ಹೀಗೆ: 250 ಗ್ರಾಂ ರಾಗಿ ಹಿಟ್ಟಿನಲ್ಲಿ 17-18 ಗ್ರಾಂ ಸಸಾರಜನಕ ಸಿಗುತ್ತದೆ. ಅದರೊಂದಿಗೆ 150 ಗ್ರಾಂ ಕೋಳಿಮಾಂಸ ಬೇಯಿಸಿ ಹಾಕಿದರೆ ಇನ್ನೂ 30 ಗ್ರಾಂ ಸೇರಿ, 20 ಕಿಲೋ ನಾಯಿಯ ದಿನದ ಅಗತ್ಯ ಹೆಚ್ಚುಕಡಿಮೆ ಪೂರೈಸುತ್ತದೆ. ಮಾಂಸ ತಾರದ ಮನೆಗಳಲ್ಲಿ ಬೇಯಿಸಿದ ಮೊಟ್ಟೆ ಕೊಡಬಹುದು. ಒಂದರಲ್ಲಿ ಸುಮಾರು 6 ಗ್ರಾಂ ಸಸಾರಜನಕ ಇರುತ್ತದೆ. ರಾಗಿಯಲ್ಲಿ ನಾರು ಹೆಚ್ಚು, ಆದ್ದರಿಂದ ಹಿಟ್ಟು ಹಸಿಯಾಗಿ ಉಳಿಯದಂತೆ ಚೆನ್ನಾಗಿ ಬೇಯಬೇಕು. ರಾಗಿಯೂ ಒಗ್ಗದಿದ್ದರೆ ಅಕ್ಕಿಯೇ ಸರಿ. ಆದರೆ ರಾಗಿಯಲ್ಲಿರುವ ಸುಣ್ಣದ ಅಂಶ ಅಕ್ಕಿಯಲ್ಲಿಲ್ಲ. ಅನ್ನ ಮಾಂಸವನ್ನೇ ತಿಂಗಳುಗಟ್ಟಲೆ ಹಾಕುವವರು ಸುಣ್ಣ ಮತ್ತು ಜೀವಸತ್ವಗಳ ಪೂರಕವನ್ನು ಪಶುವೈದ್ಯರಿಂದ ಕೇಳಿ ತರಬೇಕು.

ಅಂಗಡಿಯ ಸಿದ್ಧ ಆಹಾರ ಕೊಳ್ಳುವವರು ಚೀಲದ ಮೇಲಿನ ಚಿತ್ರ ಬಿಟ್ಟು ಹಿಂಬದಿಯ ಪಟ್ಟಿ ಓದಬೇಕು. ಒಂದೇ ಬಗೆಯ ಮಾಂಸ, ಕಡಿಮೆ ಕೊಬ್ಬು ಇರುವುದನ್ನು ಆರಿಸಬೇಕು.

ಕುರಿ ಕೊಯ್ದಾಗ ನೀರುಗುಳ್ಳೆ ಇರುವ ಹಸಿ ಈಲಿ, ಶ್ವಾಸಕೋಶಗಳನ್ನು ನಾಯಿಗೆ ಎಸೆಯುವ ರೂಢಿ ತೀರ ಅಪಾಯಕಾರಿ. ಆ ಗುಳ್ಳೆಗಳಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆಗಳು ಮಲದ ಮೂಲಕ ಮನೆಯ ಮಕ್ಕಳ ಹೊಟ್ಟೆ ಸೇರಬಹುದು. ಅವುಗಳನ್ನು ಆಳವಾಗಿ ಹೂಳಬೇಕು ಇಲ್ಲವೆ ಸುಡಬೇಕು.

ಭೇದಿಯಲ್ಲಿ ರಕ್ತ ಬಿದ್ದರೆ, ಮಲ ಡಾಂಬರಿನಂತೆ ಕಪ್ಪಾದರೆ, ಕುಡಿದ ನೀರೂ ವಾಂತಿಯಾದರೆ, ಎರಡು ದಿನದಲ್ಲಿ ಗುಣ ಕಾಣದಿದ್ದರೆ ಅದು ಆಹಾರದ ಮಾತಲ್ಲ. ಕೂಡಲೇ ಪಶು ಆಸ್ಪತ್ರೆಗೆ ಒಯ್ಯಬೇಕು. ಲಸಿಕೆ ಹಾಕಿಸದ ಮರಿಗೆ ವಾಂತಿ ಮತ್ತು ರಕ್ತಭೇದಿ ಕಂಡರೆ ಪಾರ್ವೊ ರೋಗವೆಂದು ಶಂಕಿಸಿ ಒಂದು ರಾತ್ರಿಯೂ ಕಾಯಬಾರದು. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಕೂಡದು.

ನಾಯಿ ಎಂಟು ವಾರ ಒಂದೇ ಆಹಾರದಲ್ಲಿ ನೆಮ್ಮದಿಯಾಗಿದ್ದರೆ ಆಮೇಲೆ ಬೇರೆ ವಸ್ತುಗಳನ್ನು ಒಂದೊಂದಾಗಿ ಕೊಟ್ಟು ನೋಡಬಹುದು. ಮೊದಲು ಮಜ್ಜಿಗೆ, ವಾರ ಬಿಟ್ಟು ಮೊಟ್ಟೆ, ಮತ್ತೆ ವಾರ ಬಿಟ್ಟು ರೊಟ್ಟಿ. ಯಾವುದನ್ನು ಕೊಟ್ಟ ವಾರ ಮಲ ಸಡಿಲವಾಯಿತೆಂದು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿದರೆ ಸಾಕು. ಈ ಎಂಟು ವಾರ ಮಕ್ಕಳು ತಿಂಡಿ ಎಸೆಯದಂತೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ.