ಬರಿಗಾಲಿನ ತಂಡವೂ ಬೂಟಿನ ಪ್ರಶ್ನೆಯೂ

ಒಂದು ಪಕ್ಕದಲ್ಲಿ ಫಲ್ಗುಣಿ ನದಿ, ಇನ್ನೊಂದು ಪಕ್ಕದಲ್ಲಿ ಪಡುಗಡಲು, ಇವೆರಡರ ನಡುವೆ ನೀಳವಾಗಿ ಚಾಚಿಕೊಂಡ ಮರಳಿನ ನಾಲಗೆ: ಇದೇ ನಮ್ಮ ಬೆಂಗ್ರೆ. ಇಲ್ಲಿ ಕಾಲ್ಚೆಂಡಾಟವೆಂದರೆ ಬರಿಯ ವಿನೋದವಲ್ಲ, ಊರಿನ ಅಭಿಮಾನವೂ ಹೌದು. ಆದರೆ ಕಡಲನ್ನು ನಂಬಿ ಬದುಕುವ ಮನೆಗಳಲ್ಲಿ ದುಡ್ಡು ಬರುವ ದಿನವೂ ಉಂಟು, ಬಾರದ ದಿನವೂ ಉಂಟು. ಮಗನು ಆಟದ ಬೂಟು ಬೇಕೆಂದು ಹಟ ಹಿಡಿದಾಗ ತಂದೆಯು, "ಮರಳಿನ ಮೇಲೆ ಆಡುವವನಿಗೆ ದೇವರು ಕೊಟ್ಟ ಕಾಲು ಸಾಲದೆ?" ಎಂದು ಕೇಳುವನು. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಇದೇ ಪ್ರಶ್ನೆಯು ಒಂದಾನೊಂದು ಕಾಲದಲ್ಲಿ ಭಾರತದ ರಾಷ್ಟ್ರೀಯ ತಂಡಕ್ಕೇ ಎದುರಾಗಿತ್ತೆಂಬುದನ್ನು ವಾಚಕರಿಗೆ ತಿಳಿಸುವುದಕ್ಕಾಗಿ ನಾವು ಈ ಲೇಖನವನ್ನು ಬರೆಯುತ್ತಿರುವೆವು.

ಸಂಸ್ಕೃತ ಕಾವ್ಯಗಳಲ್ಲಿ ಕಂದುಕಕ್ರೀಡೆಯು ಹೊಸತಲ್ಲ. ದಂಡಿಯ ದಶಕುಮಾರಚರಿತದಲ್ಲಿ ಕಂದುಕಾವತಿಯೆಂಬ ರಾಜಕುಮಾರಿಯೊಬ್ಬಳು ಚೆಂಡಾಡುವ ಸೊಗಸಾದ ವರ್ಣನೆಯಿದೆ. ಆದರೆ ಅದು ಕೈಯ ಚೆಂಡು. ಕಾಲಿನ ಚೆಂಡನ್ನು ನಮ್ಮ ದೇಶಕ್ಕೆ ತಂದವರು ಆಂಗ್ಲರು. ಅದನ್ನು ಬೂಟಿಲ್ಲದೆ ಆಡಿ ತೋರಿಸಿದವರು ನಮ್ಮವರು. 1911ರಲ್ಲಿ ಕಲಕತ್ತೆಯ ಮೋಹನ ಬಗಾನ್ ತಂಡವು ಗೋರಾ ಸಿಪಾಯಿಗಳ ಈಸ್ಟ್ ಯಾರ್ಕ್‌ಷೈರ್ ದಳವನ್ನು ಎರಡಕ್ಕೆ ಒಂದರಂತೆ ಸೋಲಿಸಿ ಶೀಲ್ಡನ್ನು ಗೆದ್ದಾಗ ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟವನು ಒಬ್ಬನೇ. ಅಂದಿನಿಂದ ಬರಿಗಾಲೆಂಬುದು ಬಡತನದ ಗುರುತಾಗಿ ಉಳಿಯದೆ ಒಂದು ಬಿರುದಿನಂತೆಯೇ ಆಯಿತು.

ಬೆಂಗಳೂರಿನಲ್ಲಿಯೂ ದಂಡಿನ ಪ್ರದೇಶದ ನೆರೆಯಿಂದ ಈ ಆಟವು ಬಲವಾಗಿ ಬೇರೂರಿತು. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು. ಪ್ರಾಂತಗಳ ನಡುವಣ ಸಂತೋಷ್ ಟ್ರೋಫಿಯು 1946ರ ಪಂದ್ಯಾವಳಿಯಲ್ಲಿ ಮೈಸೂರಿಗೆ ಬಂದಿತು. ಹೀಗಿರುವಾಗ, ಸ್ವತಂತ್ರ ಭಾರತವು ತನ್ನ ಪ್ರಥಮ ತಂಡವನ್ನು 1948ರ ಲಂಡನ್ ಒಲಿಂಪಿಕ್ ಕ್ರೀಡೆಗೆ ಕಳುಹಿಸಿದಾಗ ಅದರಲ್ಲಿ ಬೆಂಗಳೂರಿನವರು ಇದ್ದುದು ಆಶ್ಚರ್ಯವಲ್ಲ.

ಆ ಪಂದ್ಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. 1948ರ ಜುಲೈ 31. ಸ್ಥಳವು ಲಂಡನ್ನಿನ ಮಗ್ಗುಲಿನ ಇಲ್‌ಫರ್ಡ್. ಎದುರಾಳಿಗಳು ಫ್ರಾನ್ಸಿನವರು. ನಮ್ಮ ನಾಯಕರು ನಾಗಾ ಬೆಟ್ಟಗಳಿಂದ ಬಂದು ಕಲಕತ್ತೆಯಲ್ಲಿ ವೈದ್ಯವಿದ್ಯೆಯನ್ನು ಕಲಿತ ತಾಲಿಮೆರೆನ್ ಆವೋ. ತಂಡದ ಬಹುಮಂದಿ ಬರಿಗಾಲಿನಲ್ಲಿಯೇ ಕಣಕ್ಕಿಳಿದರು. ಫ್ರಾನ್ಸ್ ಮೊದಲು ಒಂದು ಗೋಲು ಹೊಡೆಯಿತು. ನಮಗೆ ಎರಡು ಪೆನಾಲ್ಟಿಗಳು ದೊರೆತುವು, ಎರಡೂ ವ್ಯರ್ಥವಾದುವು! ಎಪ್ಪತ್ತನೆಯ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಸ್ವತಂತ್ರ ಭಾರತದ ಮೊತ್ತಮೊದಲ ಗೋಲು ಅದು. ಆದರೆ ಇನ್ನೇನು ಆಟ ಮುಗಿಯಬೇಕೆನ್ನುವಷ್ಟರಲ್ಲಿ ಫ್ರಾನ್ಸ್ ಎರಡನೆಯದನ್ನು ಹೊಡೆದು ಗೆದ್ದಿತು. ಸೋತವರಿಗೂ ಅಂದು ಮೆಚ್ಚುಗೆಯೇನೂ ಕಡಿಮೆಯಾಗಲಿಲ್ಲ. ಬೂಟೇಕೆ ಇಲ್ಲವೆಂದು ಕೇಳಿದವರಿಗೆ ಆವೋ ಅವರು, ನಾವು ಆಡುವುದು ಫುಟ್‌ಬಾಲು, ನೀವು ಆಡುವುದು ಬೂಟ್‌ಬಾಲು ಎಂಬರ್ಥದ ಚಾಟುವನ್ನು ಹೇಳಿದರೆಂದು ಪ್ರತೀತಿ. ಮಾತು ಚೆನ್ನಾಗಿದೆ. ಆದರೆ ಚಾಟುವಿನಿಂದ ಪಂದ್ಯ ಗೆಲ್ಲಲಾಗದಷ್ಟೆ.

1950ರಲ್ಲಿ ಬ್ರೆಜಿಲಿನ ವಿಶ್ವಕಪ್ಪಿಗೆ ಭಾರತಕ್ಕೆ ಅವಕಾಶವಿದ್ದರೂ ತಂಡವು ಹೋಗಲಿಲ್ಲ. ಬರಿಗಾಲಿಗೆ ಅನುಮತಿಯಿಲ್ಲದುದರಿಂದಲೇ ಹೋಗಲಿಲ್ಲವೆಂಬ ಕಥೆಯನ್ನು ನಮ್ಮ ಶಾಲೆಯ ಹುಡುಗರೂ ಬಲ್ಲರು. ಆಗಿನ ಒಕ್ಕೂಟವು ಕೊಟ್ಟ ಕಾರಣಗಳು ಬೇರೆ: ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯಾಭಾವ. ಕಥೆಯು ರುಚಿಯಾಗಿದ್ದ ಮಾತ್ರಕ್ಕೆ ಇತಿಹಾಸವಾಗದು. ಮರುವರ್ಷ ದೆಹಲಿಯ ಏಷ್ಯಾ ಕ್ರೀಡಾಕೂಟದಲ್ಲಿ ಇರಾನನ್ನು ಒಂದು ಗೋಲಿನಿಂದ ಸೋಲಿಸಿ ನಮ್ಮವರು ಚಿನ್ನದ ಪದಕವನ್ನು ಗೆದ್ದರು.

ಬರಿಗಾಲಿನ ಬಿರುದು ಕಳಚಿ ಬಿದ್ದುದು 1952ರಲ್ಲಿ, ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ. ಅಲ್ಲಿಯ ಬೇಸಗೆಯೂ ನಮ್ಮವರಿಗೆ ಚಳಿಯೇ. ಎದುರಾಳಿಗಳಾದ ಯುಗೋಸ್ಲಾವಿಯದವರು ಮುಂದೆ ಆ ಕೂಟದಲ್ಲಿ ಬೆಳ್ಳಿಯ ಪದಕವನ್ನು ಪಡೆದವರು. ಅಂದು ಹತ್ತು ಗೋಲುಗಳನ್ನು ಹೊಡೆದರು. ನಮ್ಮ ಕಡೆಯ ಒಂದೇ ಗೋಲು ಬೆಂಗಳೂರಿನ ಅಹಮದ್ ಖಾನರದು. ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಎಂಬವರೊಡನೆ ಅವರನ್ನೂ ಸೇರಿಸಿ ಜನರು ಪಂಚಪಾಂಡವರೆಂದು ಕರೆಯುತ್ತಿದ್ದರು. ಅಂಥ ಕುಶಲರೂ ಅಲ್ಲಿ ಏನು ಮಾಡಬಲ್ಲರು? ಒಣನೆಲದಲ್ಲಿ ಹೆಬ್ಬೆರಳೇ ಚೆಂಡಿಗೆ ದಾರಿ ತೋರಿಸುವುದು ನಿಜ. ಹಸಿ ಹುಲ್ಲಿನ ಮೇಲೆ ಅದೇ ಕಾಲು ಜಾರುವುದೂ, ಎದುರಾಳಿಯ ಬೂಟು ತಗುಲೀತೆಂಬ ಅಂಜಿಕೆಯಿಂದ ಮುಂದುವರಿಯದೆ ಹಿಂಜರಿಯುವುದೂ ಅಷ್ಟೇ ನಿಜ. ಈ ಸೋಲಿನ ತರುವಾಯವೇ ಒಕ್ಕೂಟವು ಬೂಟನ್ನು ಕಡ್ಡಾಯ ಮಾಡಿತು.

ಅದರ ಫಲವನ್ನು ನೋಡಲು ನಾಲ್ಕೇ ವರ್ಷ ಸಾಕಾಯಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನಿನಲ್ಲಿ ಭಾರತವು ಆಸ್ಟ್ರೇಲಿಯವನ್ನು ನಾಲ್ಕಕ್ಕೆ ಎರಡರಂತೆ ಸೋಲಿಸಿತು. ಮೂರು ಗೋಲುಗಳು ನೆವಿಲ್ ಡಿಸೋಜ ಒಬ್ಬರವೇ. ಬೆಂಗಳೂರಿನ ಕೆಂಪಯ್ಯನವರು ಆ ತಂಡದಲ್ಲಿದ್ದರು. ಈಗ ಅವರು ನಮಗೂ ಸ್ವರಾಜ್ಯದವರೇ! ಉಪಾಂತ್ಯದಲ್ಲಿ ಮತ್ತೆ ಅದೇ ಯುಗೋಸ್ಲಾವಿಯ. ಈ ಸಲ ಮೊದಲ ಗೋಲು ಭಾರತದ್ದಾಗಿತ್ತು. ಕೊನೆಗೆ ನಾಲ್ಕಕ್ಕೆ ಒಂದರಂತೆ ಸೋತೆವು. ತಂಡಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು. ಹತ್ತು ನಾಲ್ಕಕ್ಕೆ ಇಳಿದುದಕ್ಕೆ ಬೂಟೊಂದೇ ಕಾರಣವೆಂದರೆ ನಾವು ಒಪ್ಪೆವು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರ ಶಿಕ್ಷಣವೂ ಅದರಲ್ಲಿತ್ತು. ರಹೀಮರು ಮೂಲತಃ ಶಾಲೆಯ ಉಪಾಧ್ಯಾಯರು. ಈ ಸಂಗತಿಯನ್ನು ಬರೆಯುವಾಗ ನಮ್ಮ ಲೇಖನಿಯು ತುಸು ಹಿಗ್ಗಿದರೆ ವಾಚಕರು ಕ್ಷಮಿಸಬೇಕು. ಅರ್ಬುದರೋಗದಿಂದ ಬಳಲುತ್ತಿದ್ದಾಗಲೂ ಅವರು 1962ರಲ್ಲಿ ತಂಡವನ್ನು ಜಕಾರ್ತಕ್ಕೆ ಕರೆದೊಯ್ದು, ದಕ್ಷಿಣ ಕೊರಿಯವನ್ನು ಸೋಲಿಸಿ ಎರಡನೆಯ ಚಿನ್ನವನ್ನು ತಂದರು. ಮರುವರ್ಷವೇ ತೀರಿಕೊಂಡರು. 1960ರ ರೋಮಿನ ಬಳಿಕ ನಮ್ಮ ಪುರುಷರ ತಂಡವು ಒಲಿಂಪಿಕ್ ಕಣವನ್ನು ಕಂಡಿಲ್ಲ. 1970ರ ಕಂಚಿನ ಅನಂತರ ಏಷ್ಯಾ ಕೂಟದಲ್ಲಿ ಪದಕವೂ ಇಲ್ಲ.

ಇನ್ನು ಬೆಂಗ್ರೆಯ ತಂದೆಯ ಪ್ರಶ್ನೆ. ಎಳೆಯ ಮಕ್ಕಳು ಮರಳಿನಲ್ಲಿ ಬರಿಗಾಲಿನಿಂದಲೇ ಆಡಲಿ; ಪಾದವು ಗಟ್ಟಿಯಾಗುವುದು, ಚೆಂಡಿನ ಗುಣವು ತಿಳಿಯುವುದು. ಆದರೆ ಹುಡುಗನು ನದಿ ದಾಟಿ ಹುಲ್ಲಿನ ಮೈದಾನದಲ್ಲಿ, ಬೂಟು ತೊಟ್ಟವರೊಡನೆ ಆಡತೊಡಗಿದ ದಿನದಿಂದ ಅವನಿಗೂ ಬೂಟು ಬೇಕು. ಅದನ್ನು ಆಯ್ಕೆಯ ಹಿಂದಿನ ದಿನ ಕೊಂಡರೆ ಕಾಲು ಹುಣ್ಣಾಗುವುದೇ ಹೊರತು ಅಭ್ಯಾಸವಾಗದು. ವೆಚ್ಚದ ಮಾತು ಬಂದರೆ ಒಂದು ಸೂಚನೆಯುಂಟು. ಹುಡುಗರ ಕಾಲು ವರ್ಷಕ್ಕೊಮ್ಮೆ ಬೆಳೆಯುವುದು, ಬೂಟು ಬೆಳೆಯದು. ಸಣ್ಣದಾದ ಬೂಟುಗಳನ್ನು ಅಟ್ಟದಲ್ಲಿ ಎಸೆಯದೆ, ತೊಳೆದು ನೆರಳಿನಲ್ಲಿ ಒಣಗಿಸಿ, ಊರಿನ ಕ್ಲಬ್ಬಿನ ಕಪಾಟಿನಲ್ಲಿ ಅಳತೆಯ ಚೀಟಿಯೊಡನೆ ಇಟ್ಟರೆ ಕಿರಿಯ ಹುಡುಗನೊಬ್ಬನ ಮಳೆಗಾಲ ಕಳೆದೀತು.