ಮಿನುಗದ ನಕ್ಷತ್ರ ಎಲ್ಲಿ ಕಾಣುತ್ತದೆ?

ನಕ್ಷತ್ರಗಳ ಮಿನುಗು ನಮ್ಮ ಕಣ್ಣಿಗೆ ಹಬ್ಬ. ಖಗೋಳ ವಿಜ್ಞಾನಿಗಳಿಗೆ ತಲೆನೋವು. ಕದಡಿದ ಗಾಳಿಯಲ್ಲಿ ಹಾದು ಬರುವ ಬೆಳಕು ಅಲುಗಾಡಿ, ದೂರದರ್ಶಕದಲ್ಲಿ ಬಿಂಬ ಮಸುಕಾಗುತ್ತದೆ. ಆದ್ದರಿಂದಲೇ ಅವರ ಕಣ್ಣು ಅಂಟಾರ್ಕ್ಟಿಕಾದ ಹಿಮ ಪ್ರಸ್ಥಭೂಮಿಯ ಮೇಲೆ. ಅಲ್ಲಿನ ಗಾಳಿಯಲ್ಲಿ ನೀರಾವಿಯೂ ಅತಿ ಕಡಿಮೆ.

ಹಾಗಾದರೆ ದಕ್ಷಿಣ ಧ್ರುವವೇ ಶ್ರೇಷ್ಠ ತಾಣವೆ? ಅಲ್ಲ. ತಣ್ಣನೆಯ ಭಾರವಾದ ಗಾಳಿ ಹಿಮದ ಇಳಿಜಾರಿನಲ್ಲಿ ನೀರಿನಂತೆ ಕೆಳಕ್ಕೆ ಹರಿಯುತ್ತದೆ. ಸುಮಾರು 2,835 ಮೀಟರ್ ಎತ್ತರದ ಧ್ರುವ ಇರುವುದು ಆ ಇಳಿಜಾರಿನಲ್ಲೇ. ಹಿಮಗುಮ್ಮಟಗಳ ನೆತ್ತಿಯಲ್ಲಾದರೋ ಈ ಹರಿವು ಆಗಷ್ಟೇ ಹುಟ್ಟುತ್ತಿರುತ್ತದೆ. 3,233 ಮೀಟರ್ ಎತ್ತರದ 'ಡೋಮ್ ಸಿ'ಯಲ್ಲಿ ಕದಡಿದ ಗಾಳಿಯ ಪದರ ನೆಲದಿಂದ ಸುಮಾರು 30 ಮೀಟರ್ ಮಾತ್ರ. 4,000 ಮೀಟರ್ ಮೀರಿದ 'ಡೋಮ್ ಎ'ಯಲ್ಲಿ ಅದು ಇನ್ನೂ ತೆಳು. ಅಲ್ಲಿ 8 ಮೀಟರ್ ಎತ್ತರದಲ್ಲಿಟ್ಟ ಉಪಕರಣಕ್ಕೇ ಬಲು ಸ್ಪಷ್ಟ ಬಿಂಬ ದೊರೆತದ್ದು 2020ರಲ್ಲಿ ಪ್ರಕಟವಾಯಿತು.

ತೊಡಕು ಬೇರೆಯೇ ಇದೆ. ಡೋಮ್ ಸಿಯ ಫ್ರಾನ್ಸ್–ಇಟಲಿ ಕೇಂದ್ರ 'ಕಾಂಕಾರ್ಡಿಯಾ'ದಲ್ಲಿ 2005ರಿಂದ ಚಳಿಗಾಲದಲ್ಲೂ ಜನ ತಂಗುತ್ತಾರೆ. ಡೋಮ್ ಎಯಲ್ಲಿ ಚೀನಾ 2009ರಲ್ಲಿ ತೆರೆದ 'ಕುನ್‌ಲುನ್' ಬೇಸಿಗೆಯ ಕೇಂದ್ರ. ತಿಂಗಳುಗಟ್ಟಲೆಯ ಕತ್ತಲಲ್ಲಿ ದುಡಿಯಬೇಕಾದ್ದು ಯಂತ್ರಗಳೇ. ಒಂದು ತಂತಿ ಕಡಿದರೂ ರಿಪೇರಿಗೆ ಮುಂದಿನ ಬೇಸಿಗೆ ಬರಬೇಕು. ಸ್ವಚ್ಛ ಆಕಾಶ ಮುಖ್ಯವೋ, ಕೈಗೆಟಕುವ ನೆಲ ಮುಖ್ಯವೋ? ತಾಣ ಆರಿಸುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.